ಯಾವುದಕ್ಕೂ ಕಮ್ಮಿ ಇಲ್ಲ

ಮನುಷ್ಯ ಮೆಟ್ಟಿಲು ಹತ್ತುವ ಸದ್ದು ಕೇಳಿಯೇ ಅವನ ಮನೆಯ ಹಿಟ್ಟಿನ ಡಬ್ಬಿ ತುಂಬಿದೆಯೋ ತಳ ಕಂಡಿದೆಯೋ ಹೇಳಬಲ್ಲವಳು ಈ ಭೂಮಂಡಲದಲ್ಲಿ ನಾನೊಬ್ಬಳೇ. ಕೆಮ್ಮಿದರೆ ಮನೆ ಬಾಡಿಗೆಯದೋ ಸ್ವಂತದ್ದೋ ಗೊತ್ತಾಗುತ್ತದೆ. ಸೀನಿದರೆ ಅತ್ತೆಗೂ ಸೊಸೆಗೂ ಮಾತಿದೆಯೋ ಇಲ್ಲವೋ, ಅದೂ. ಒಮ್ಮೆ ಒಬ್ಬ ಮುದುಕರು ಕುರ್ಚಿ ಎಳೆದುಕೊಂಡ ವರಸೆ ನೋಡಿ ‘ನಿಮ್ಮ ಬೀದಿ ನಲ್ಲೀಲಿ ನೀರು ಬರ್ತಿಲ್ಲ ಅಲ್ವಾ’ ಅಂದೆ. ಅವರು ಅತ್ತ ಅಳುವನ್ನು ಕೊಡದಲ್ಲಿ ಹಿಡಿದಿದ್ದರೆ ಆ ಬೀದಿಗೆ ಒಂದು ವಾರಕ್ಕೆ ಸಾಕಾಗುತ್ತಿತ್ತು. ನಾನು ಈ ಕ್ಲಿನಿಕ್ಕಿನ ಕಿಟಕಿಯ ಹಿಂದೆ ಕೂತು ಬಂದವರ ಹೆಸರು ಬರೆದುಕೊಳ್ಳುವವಳು. ಹೆಸರು ಬರೆಯುವುದು ನೆಪ. ಕ್ಲಿನಿಕ್ಕು ನಿಂತಿರುವುದೇ ನನ್ನ ಮೇಲೆ, ಗೋಡೆಗಳು ಬರೀ ಗಾಳಿಗೆ ಅಡ್ಡ. ಇಂಜೆಕ್ಷನ್ ಕೊಡುವ ಸಿಸ್ಟರು ಬೆನ್ನ ಹಿಂದೆ ನನ್ನನ್ನು ‘ಬಡಾಯಿ ಅಕ್ಕ’ ಅನ್ನುತ್ತಾಳೆಂದು ಗೊತ್ತು. ಅನ್ನಲಿ. ಆನೆ ಬೀದಿಯಲ್ಲಿ ಹೋಗುವಾಗ ಸದ್ದು ಮಾಡುವವರು ಮಾಡುತ್ತಾರೆ. ಆದರೆ ಅವತ್ತು ಬೆಳಿಗ್ಗೆ, ಪಡಸಾಲೆಯ ಬೆಂಚುಗಳು ಇನ್ನೂ ಅರ್ಧ ಖಾಲಿ ಇದ್ದಾಗ, ಮೆಟ್ಟಿಲ ಮೇಲೆ ಒಂದು ಹೆಜ್ಜೆ ಎಳೆದು ಒಂದು ಹೆಜ್ಜೆ ಊರುವ ಸದ್ದು ಕೇಳಿಸಿತು. ನನಗೆ ಹಿಟ್ಟಿನ ಡಬ್ಬಿ ಕಾಣಿಸಲಿಲ್ಲ, ಬಾಡಿಗೆ ಮನೆ ಕಾಣಿಸಲಿಲ್ಲ. ಒಂದು ಅಡುಗೆಮನೆ ಕಾಣಿಸಿತು, ಹೊಗೆ ಹಿಡಿದ ಗೋಡೆ ಕಾಣಿಸಿತು, ನನ್ನ ಸುಟ್ಟ ಮುಂಗೈಯನ್ನು ಹಿಡಿದು ನೀರು ಸುರಿಯುತ್ತ ‘ಅತ್ತೆ ಕೇಳಿದ್ರೆ ಹಾಲು ಉಕ್ಕಿಸಿದ್ದು ನಾನೇ ಅಂತೀನಿ, ನೀನು ಬಾಯಿ ಮುಚ್ಕೊಂಡಿರು’ ಅನ್ನುವ ದನಿ ಕೇಳಿಸಿತು. ದೊಡ್ಡಕ್ಕ. ನನ್ನ ಗಂಡನ ಅಣ್ಣನ ಹೆಂಡತಿ. ನನ್ನ ಓರಗಿತ್ತಿ.

ಓರಗಿತ್ತಿ ಅಂದರೆ ಏನೆಂದು ಓರಗಿತ್ತಿ ಇಲ್ಲದವರಿಗೆ ತಿಳಿಸುವುದು ಕಷ್ಟ. ಅಕ್ಕನಾದರೆ ಜಗಳವಾಡಿ ಮರೆಯಬಹುದು, ಪಕ್ಕದ ಮನೆಯವಳಾದರೆ ಬಾಗಿಲು ಹಾಕಿಕೊಳ್ಳಬಹುದು. ಓರಗಿತ್ತಿಯ ಮುಂದೆ ಮಾತ್ರ ಉಸಿರಿರುವವರೆಗೆ ನೆಟ್ಟಗೆ ನಿಲ್ಲಬೇಕು. ಅವರ ಮನೆಗೆ ಹೊಸ ಪರದೆ ಬಂತೆಂದರೆ ನಮ್ಮ ಮನೆಯ ಕಿಟಕಿ ದೊಡ್ಡದಾಗಬೇಕು. ನಮ್ಮವರಿಗೆ ನೆಗಡಿಯಾದರೆ ಭಾವನವರಿಗೆ ನ್ಯುಮೋನಿಯಾ ಆಗಬೇಕು. ಮನೆಗಳು ಬೇರೆಯಾದ ದಿನ ಪಾತ್ರೆ ಹಂಚುವಾಗ ನಾನು ಹೊಸಿಲ ಮೇಲೆ ನಿಂತು, ‘ಎಲ್ಲಾ ನೀವೇ ಇಟ್ಕೊಳಿ ದೊಡ್ಡಕ್ಕ, ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ’ ಎಂದಿದ್ದೆ. ಅವರು ಸೌಟನ್ನೂ ಬಿಡದೆ ಇಟ್ಟುಕೊಂಡರು, ‘ನಮಗೂ ಬೇಕಿರ್ಲಿಲ್ಲ, ನೀನು ಬಲವಂತ ಮಾಡಿದ್ಯಲ್ಲಾ ಅಂತ’ ಎನ್ನುತ್ತ. ಆ ರಾತ್ರಿ ಹೊಸ ಮನೆಯಲ್ಲಿ ಬಟ್ಟಲಿನಿಂದ ಬಡಿಸಿದೆ.

ಈ ‘ಯಾವುದಕ್ಕೂ ಕಮ್ಮಿ ಇಲ್ಲ’ ಇದೆಯಲ್ಲ, ಇದೇ ಮಾತು ಕ್ಲಿನಿಕ್ಕಿನಲ್ಲಿ ನನ್ನ ಎದುರು ಭೂತದ ಹಾಗೆ ಎದ್ದು ನಿಂತಿತ್ತು. ಮೇಲಿನ ಕಚೇರಿಯಿಂದ ಆಜ್ಞೆ ಬಂದಿತ್ತು: ರೋಗಿಯ ಕಾಯಿಲೆಯನ್ನಷ್ಟೇ ಕೇಳಿದರೆ ಸಾಲದು, ಮನೆಯ ಸ್ಥಿತಿಯನ್ನೂ ಕೇಳಿ ಬರೆದುಕೊಳ್ಳಬೇಕು. ಊಟ ಉಂಟೋ, ಸೂರು ಉಂಟೋ, ಕರೆಂಟು ಇದೆಯೋ, ಬಂದುಹೋಗಲು ದಾರಿ ಇದೆಯೋ, ನೋಡಿಕೊಳ್ಳುವವರು ಇದ್ದಾರೋ. ಇಲ್ಲದವರಿಗೆ ಮನೆಗೆ ಸಿಸ್ಟರನ್ನು ಕಳಿಸಬಹುದು, ವ್ಯಾನು ಕಳಿಸಬಹುದು, ಇನ್ನೊಂದು ಇಲಾಖೆಗೆ ಹೇಳಿ ಏನಾದರೂ ಕೊಡಿಸಬಹುದು. ಒಳ್ಳೆಯದೇ. ಪ್ರಶ್ನೆ ಬರೆದ ಪುಣ್ಯಾತ್ಮ ಮಾತ್ರ ‘ನಿಮ್ಮ ಮನೆಯಲ್ಲಿ ಈ ಕೆಳಗಿನ ಯಾವುದಕ್ಕಾದರೂ ಕೊರತೆ ಇದೆಯೇ?’ ಎಂದು ಬರೆದುಬಿಟ್ಟಿದ್ದ. ಹಿಂದೆ ಸಾಲಿನಲ್ಲಿ ಊರಿಗೆ ಊರೇ ನಿಂತು ಕಿವಿಗೊಟ್ಟಿದೆ. ಮುಂದೆ ಕಿಟಕಿಯ ಗಾಜಿನ ತೂತಿನಿಂದ ನಾನು ಕಿರುಚಿ ಕೇಳುತ್ತಿದ್ದೇನೆ. ಯಾವ ಮಾನವಂತ ‘ಇದೆ’ ಅಂದಾನು? ಹರಿದ ಅಂಗಿಯವನೂ ಬೆನ್ನು ನೆಟ್ಟಗೆ ಮಾಡಿ, ‘ನಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ಲ ತಾಯಿ’ ಎನ್ನುವನು. ಅದು ಉತ್ತರವೇ ಅಲ್ಲ. ಹೆಣ್ಣು ಕೊಡುವಾಗ, ಜಗಳವಾಡುವಾಗ, ನೆಂಟರನ್ನು ಬಾಗಿಲ ತನಕ ಕಳಿಸುವಾಗ ನಾವೆಲ್ಲ ಹೇಳುವ ಮಾತು ಅದು. ಹೀಗಾಗಿ ನಮ್ಮ ಕ್ಲಿನಿಕ್ಕಿನಿಂದ ಮೇಲಕ್ಕೆ ಹೋದದ್ದೆಲ್ಲ ಇಲ್ಲ, ಇಲ್ಲ, ಇಲ್ಲ. ಈ ಭಾಗದ ಜನ ಬಹಳ ಅನುಕೂಲಸ್ಥರು ಎಂದು ಮೇಲಿನವರು ಮೆಚ್ಚಿ ಬರೆದರು. ನಮ್ಮ ಡಾಕ್ಟರಮ್ಮ ಅದನ್ನು ಓದಿ ಕನ್ನಡಕ ತೆಗೆದು, “ಇಷ್ಟು ಸುಖವಾಗಿರೋ ಜನ ಯಾಕ್ರೀ ಇಷ್ಟು ಕಾಯಿಲೆ ಬೀಳ್ತಾರೆ? ಸುಖ ಜಾಸ್ತಿಯಾಗಿನಾ?” ಎಂದು ನನ್ನನ್ನು ಕೇಳಿದರು. ನನ್ನನ್ನೇ ಯಾಕೆ ಕೇಳಿದರು? ಇಡೀ ಕ್ಲಿನಿಕ್ಕಿನಲ್ಲಿ ತಲೆ ಇರುವವಳು ನಾನೊಬ್ಬಳೇ ಎಂದು.

ಆಮೇಲೆ ನಾನು ಮಾಡಿದ್ದನ್ನು ಮುಂದಿನ ತಲೆಮಾರು ಕಲ್ಲಿನಲ್ಲಿ ಕೆತ್ತಿಸಬೇಕು. ಈ ಪ್ರಶ್ನೆಗಳಿಗೆ ಮಾತ್ರ ಕಿಟಕಿ ಬಿಟ್ಟು, ಪಡಸಾಲೆಯ ಮೂಲೆಯಲ್ಲಿ ತೂಕದ ಮಷಿನ್ನಿನ ಪಕ್ಕ ಕುರ್ಚಿ ಹಾಕಿಕೊಂಡೆ. ವರ್ಷಗಟ್ಟಲೆ ಚಿಂತನೆ ನಡೆಸಿ ಕಂಡುಕೊಂಡೆ ಎಂದು ಸಿಸ್ಟರಿಗೆ ಹೇಳಿದ್ದೇನೆ. ಫ್ಯಾನು ಇದ್ದದ್ದು ಆ ಮೂಲೆಯಲ್ಲಿ ಮಾತ್ರ ಎಂದು ಅವಳು ಊರಿಗೆಲ್ಲ ಹೇಳಿದ್ದಾಳೆ. ಇರಲಿ, ಫಲ ನೋಡಿ. ಮಷಿನ್ನಿನ ಮೇಲೆ ನಿಂತ ಮನುಷ್ಯ ನಿಮ್ಮ ಮುಖ ನೋಡುವುದಿಲ್ಲ. ಬಗ್ಗಿ ಕಾಲಡಿಯ ಮುಳ್ಳು ಎತ್ತ ವಾಲುತ್ತದೆಂದು ನೋಡುತ್ತಿರುತ್ತಾನೆ. ಉಸಿರು ಬಿಗಿಹಿಡಿದಿರುತ್ತಾನೆ. ಮುಳ್ಳು ನಿಂತ ಕೂಡಲೇ ಉಸಿರು ಬಿಡುತ್ತಾನೆ. ಆ ಉಸಿರಿನ ಜೊತೆ ನಿಜವೂ ಬರುತ್ತದೆ, ಆಗ ಕೇಳಬೇಕು. ‘ಇದೆಯಾ, ಇಲ್ವಾ’ ಎಂದು ಕೇಳಲೇಬಾರದು. ‘ಇಲ್ಲಿಗೆ ಹೇಗೆ ಬಂದ್ರಿ?’ ಎಂದರೆ, ನಡೆದೇ ಬಂದೆ, ಸೇತುವೆ ಹತ್ರ ಒಂದು ಸಲ ಕೂತೆ ಅನ್ನುತ್ತಾರೆ. ‘ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?’ ಎಂದರೆ ನಗುತ್ತಾರೆ, ಸುಮ್ಮನಾಗುತ್ತಾರೆ, ಆ ಸುಮ್ಮನಿರುವಿಕೆಯನ್ನು ನಾನು ಬರೆದುಕೊಳ್ಳುತ್ತೇನೆ. ಒಂದು ತಿಂಗಳಲ್ಲಿ ನಮ್ಮ ಅನುಕೂಲಸ್ಥರ ಊರು ಪಾತಾಳಕ್ಕಿಳಿಯಿತು. ವ್ಯಾನು ಬಂತು. ಸಿಸ್ಟರು ಶಾಪ ಹಾಕುತ್ತ ಮನೆಮನೆಗೆ ಹೋದಳು. ಡಾಕ್ಟರಮ್ಮ ನನಗೆ ಎದ್ದು ನಿಂತು ಕೈ ಮುಗಿದರು. ಎದ್ದದ್ದು ಕೈ ತೊಳೆಯಲು ಎಂಬುದು ಸಿಸ್ಟರ ಪಾಠಾಂತರ.

“ಓಹೋ, ಇದೇನಾ ನಿನ್ನ ಕ್ಯಾಬಿನ್ನು?” ಅವತ್ತು ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದ ದೊಡ್ಡಕ್ಕ ಕಿಟಕಿಯ ತೂತಿಗೆ ಬಾಯಿಟ್ಟು ಕೇಳಿದರು. ಮುಖ ಸಣ್ಣದಾಗಿತ್ತು. ಕುತ್ತಿಗೆಯ ಸುತ್ತ ಬೆವರುಸಾಲೆ ಕೆಂಪಗೆ ಹಬ್ಬಿತ್ತು, ಅದರ ಮೇಲೆ ಪೌಡರು. ಭಾವನವರ ತಿಥಿ ಕಳೆದ ಮೇಲೆ ನಾವಿಬ್ಬರೂ ಮುಖಕ್ಕೆ ಮುಖ ಕೊಟ್ಟು ಕೂತದ್ದಿಲ್ಲ, ಬರೀ ಫೋನು.

“ಇದು ಜನ ನೋಡೋ ಕಿಟಕಿ ದೊಡ್ಡಕ್ಕ. ಕ್ಯಾಬಿನ್ನು ಒಳಗಿದೆ,” ಅಂದೆ.

“ಫ್ಯಾನಿನ ಕೆಳಗೆ ಕುರ್ಚಿ ಇದ್ಯಲ್ಲ, ಅದಾ?”

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ನಾನು ಮಾತು ತಿರುಗಿಸಿದೆ, “ಈ ಕಡೆ ಯಾವ ಗಾಳಿ ಬೀಸ್ತು? ನಿಮ್ಮನೆ ಹತ್ರ ದೊಡ್ಡ ಆಸ್ಪತ್ರೆ ಇತ್ತಲ್ಲಾ.”

“ಅಲ್ಲಿ ಬರೀ ಶ್ರೀಮಂತರ ಗದ್ದಲ ಕಣೇ. ಅವರ ಜೊತೆ ಕೂತೂ ಕೂತೂ ಬೇಜಾರಾಯ್ತು. ಮನೆ ಬದಲಾಯಿಸ್ದೆ, ಮಹಡಿ ಮೇಲೆ, ಗಾಳಿ ಅಂದ್ರೆ ಗಾಳಿ. ಈ ಡಾಕ್ಟ್ರ ಹತ್ರ ಎರಡು ಸಲ ಬಂದು ಹೋಗಿದೀನಿ. ನೀನು ರಜಾ ಇದ್ದ ದಿನ ನೋಡ್ಕೊಂಡೇ ಬಂದಿದ್ದೆ,” ಎಂದರು. ಕೊನೆಯ ಮಾತು ಬಾಯಿ ತಪ್ಪಿ ಬಂದದ್ದು. ತಕ್ಷಣ ಕೈಚೀಲದ ಜಿಪ್ಪು ಎಳೆದು ಮುಚ್ಚಿದರು, ಮಾತು ಅದರೊಳಗಿಂದಲೇ ಬಿದ್ದ ಹಾಗೆ.

ಡಾಕ್ಟರಮ್ಮ ಅವರನ್ನು ನೋಡಿ ಕಳಿಸಿ, ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. “ನಿಮ್ಮ ಸಂಬಂಧಿ ಅಂತೆ. ಇವರ ಶುಗರ್ ಇಳೀತಾನೇ ಇಲ್ಲ. ಎರಡು ಸಲ ಇನ್ಸುಲಿನ್ ಡೋಸ್ ಏರಿಸಿದೀನಿ. ಹೊಟ್ಟೆ ಮೇಲೆ ಸೂಜಿ ಗುರುತಿದೆ, ತಪ್ಪದೆ ಚುಚ್ಕೋತಿದಾರೆ. ಅಂದ್ರೆ ಒಂದೋ ಈ ಡೋಸೂ ಸಾಲ್ತಿಲ್ಲ, ಇಲ್ಲಾ ಔಷಧಿ ಸೆಕೆಗೆ ಸತ್ತುಹೋಗಿದೆ. ಸತ್ತ ಔಷಧಿಯಾಗಿದ್ರೆ ಏನಾಗತ್ತೆ ಗೊತ್ತಾ? ಇವತ್ತು ನಾನು ಹೊಸ ಸೀಸೆ ಕೊಡ್ತೀನಿ. ಅದು ಜೀವ ಇರೋ ಔಷಧಿ. ಏರಿಸಿದ ಡೋಸ್‌ನ ಅದ್ರಲ್ಲಿ ಚುಚ್ಕೊಂಡ್ರೆ ಶುಗರ್ ಒಂದೇ ಏಟಿಗೆ ತಳ ಕಂಡು, ಮಲಗಿದವರು ಬೆಳಿಗ್ಗೆ ಏಳಲ್ಲ. ಫ್ರಿಜ್ ಇದೆ ಅಂತಾರೆ. ಕೇಳಿದಷ್ಟೂ ಸಲ ಯಾವುದಕ್ಕೂ ಕಮ್ಮಿ ಇಲ್ಲ ಅಂತಾರೆ. ಇದು ನಿಮ್ಮ ಕೆಲಸ. ನೀವೇ ಕೇಳಿ.”

ನಿಮ್ಮ ಕೆಲಸ. ಈ ಮಾತನ್ನು ಬೇರೆ ದಿನ ಕೇಳಿದ್ದರೆ ನಾನು ಬಾಗಿಲಿನಷ್ಟು ಅಗಲ ಆಗುತ್ತಿದ್ದೆ. ಅವತ್ತು ಪಡಸಾಲೆಯ ಗೋಡೆ ಸವರಿಕೊಂಡು ನಡೆದೆ. ಭಾವನವರ ತಿಥಿ ಮುಗಿಸಿ ಹೊರಡುವಾಗ ಅವರ ಮನೆಯ ಗೇಟಿನಲ್ಲಿ ನಿಂತು, ಒಂದು ಕೈಯಲ್ಲಿ ಆಗಲೇ ಗೇಟಿನ ಚಿಲಕ ಹಿಡಿದು, ‘ಏನೂ ಕಮ್ಮಿ ಇಲ್ಲ ಅಲ್ವಾ ದೊಡ್ಡಕ್ಕ?’ ಎಂದು ಕೇಳಿದ್ದೆ. ಅಲ್ವಾ. ‘ಇಲ್ಲ’ ಎಂಬುದನ್ನು ನಾನೇ ಬೇಯಿಸಿ, ಆರಿಸಿ, ಬಾಯಿಗಿಟ್ಟಿದ್ದೆ. ಅವರು ನುಂಗಬೇಕಿತ್ತು ಅಷ್ಟೆ. ‘ಹೂಂ ಕಣೇ, ಏನಿಲ್ಲ, ನೀನು ಹೊರಡು, ಬಸ್ಸು ತಪ್ಪತ್ತೆ’ ಎಂದು ನುಂಗಿದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಸಿಕ್ಕಿತೆಂದು ಸಂತೋಷಪಟ್ಟೆ. ಮೇಲಿನ ಕಚೇರಿಯ ಪುಣ್ಯಾತ್ಮನನ್ನು ನಾನು ಇಷ್ಟು ದಿನ ಬೈದದ್ದು ಯಾವ ಮುಖ ಇಟ್ಟುಕೊಂಡು? ಅವನಾದರೂ ‘ಇದೆಯೇ’ ಎಂದು ಕೇಳಿದ್ದ. ನಾನು ‘ಇಲ್ಲ ಅಲ್ವಾ’ ಎಂದಿದ್ದೆ.

“ಬನ್ನಿ ದೊಡ್ಡಕ್ಕ, ತೂಕ ನೋಡಣ.”

“ಆಗ್ಲೇ ಆ ಹುಡುಗಿ ನೋಡಿದ್ಲು.”

“ಅವಳು ನೋಡಿದ್ದು ತೂಕಾನಾ? ನಾನು ನೋಡೋದೇ ಬೇರೆ. ಹತ್ತಿ.”

ಹತ್ತಿದರು. ಮಷಿನ್ನು ಕಿರ್ರೆಂದಿತು. ನಾನು ಮುಳ್ಳು ನಿಲ್ಲುವುದನ್ನು ಕಾದೆ, ಉಸಿರು ಬಿಡುವುದನ್ನು ಕಾದೆ. ದೊಡ್ಡಕ್ಕ ಮುಳ್ಳು ನೋಡಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು, ಸಾರಿಗೆ ಉಪ್ಪು ಹಾಕದೆ ಬಡಿಸಿದ ಹೊಸ ಸೊಸೆಯನ್ನು ನೋಡಿದ ಹಾಗೆ. ನನ್ನ ಬ್ರಹ್ಮಾಸ್ತ್ರ ತಿರುಗಿ ನನ್ನ ಕಾಲ ಬುಡಕ್ಕೇ ಬಿತ್ತು.

“ಔಷಧಿ ಎಲ್ಲಿಡ್ತೀರಿ?”

“ಫ್ರಿಜ್ಜಲ್ಲಿ.”

“ಫ್ರಿಜ್ಜು ಎಲ್ಲಿಟ್ಟಿದೀರಿ?”

“ಮನೇಲಿ. ಬೀದೀಲಿ ಇಡ್ತಾರೇನೇ?”

“ಅಲ್ಲಾ, ಮಧ್ಯಾಹ್ನ ಬಾಗಿಲು ತೆಗೆದ್ರೆ ಒಳಗಿನ ನೀರು ತಣ್ಣಗಿರತ್ತಾ?”

“ತಣ್ಣಗಾ? ಹಲ್ಲು ಜುಂ ಅನ್ನತ್ತೆ. ಐಸ್ ಕಟ್ಟಿ ಬಾಗಿಲೇ ತೆಗೆಯಕ್ಕಾಗಲ್ಲ.” ಬಡಾಯಿ ಎಂದರೆ ನನಗೆ ಗೊತ್ತಿಲ್ಲವೇ? ಆ ವಿದ್ಯೆಯನ್ನು ನಾನು ಕಲಿತದ್ದೇ ಅವರ ಪಕ್ಕದ ಒಲೆಯ ಮುಂದೆ. ಬೆವರುಸಾಲೆಯ ಮೇಲಿನ ಪೌಡರು ಕರಗಿ ಎರಡು ಬಿಳಿ ಗೆರೆಗಳಾಗಿ ಇಳಿಯುತ್ತಿತ್ತು. ಐಸ್ ಕಟ್ಟುವ ಮನೆಯ ಕುತ್ತಿಗೆಯೇ ಇದು? ಕೇಳಲಿಲ್ಲ. ಕೇಳಿದರೆ, ಇದು ಹೊಸ ಫ್ಯಾಷನ್ನು ಎನ್ನುವರು. ಬಾಗಿಲ ಬಳಿ ಡಾಕ್ಟರಮ್ಮ ಹೊಸ ಸೀಸೆ ಹಿಡಿದು ಕಾಯುತ್ತಿದ್ದಾರೆ. ನನ್ನ ಚೀಲದಲ್ಲಿದ್ದ ಪ್ರಶ್ನೆಗಳೆಲ್ಲ ಮುಗಿದಿವೆ.

“ನಂದೆಲ್ಲಾ ಕೇಳಾಯ್ತಲ್ಲ,” ದೊಡ್ಡಕ್ಕ ಮಷಿನ್ನಿನ ಮೇಲಿಂದ ಇಳಿಯದೆಯೇ ಅಂದರು. “ನಿಂದು ಹೇಳು. ನೀವೂ ಮನೆ ಬದಲಾಯಿಸಿದ್ರಿ ಅಂದ್ಯಲ್ಲ ಫೋನಲ್ಲಿ. ಹೆಂಗಿದೆ ಹೊಸ ಮನೆ?”

“ಅಯ್ಯೋ, ಕೇಳ್ಬೇಡಿ! ಅರಮನೆ. ಬಾಗಿಲು ಎಷ್ಟು ಅಗಲ ಅಂದ್ರೆ ಒಂದು ಕಾರು ಆರಾಮಾಗಿ ನುಗ್ಗತ್ತೆ.”

“ನುಗ್ಗದೆ ಏನು? ಗ್ಯಾರೇಜಿಗೆ ಕಾರಲ್ಲದೆ ಇನ್ನೇನು ನುಗ್ಗತ್ತೆ?”

ಫ್ಯಾನು ತಿರುಗುತ್ತಿತ್ತು. ಅದರ ಒಂದು ರೆಕ್ಕೆ ಸಡಿಲ, ಪ್ರತಿ ಸುತ್ತಿಗೂ ಟಿಕ್ ಎನ್ನುತ್ತದೆ. ಇಷ್ಟು ವರ್ಷ ಅದು ನನಗೆ ಕೇಳಿಸಿರಲಿಲ್ಲ.

“ಹೋದ ವಾರ ಬಂದಿದ್ದೆ,” ಎಂದರು, ಈಗ ದನಿ ಇಳಿಸಿ. “ವಿಳಾಸ ಕೇಳ್ಕೊಂಡು. ಮೈದುನ ಶಟರ್ ಎತ್ತಿ ಮುಂದೆ ನಿಂತು ಹಲ್ಲುಜ್ಜತಿದ್ದ. ಹಿಂದೆ ನಿನ್ನ ಮಂಚ ಕಾಣ್ತಿತ್ತು. ಗೋಡೆ ಮೇಲೆ ಟೈರ್ ತೂಗಾಕಿದ್ರು. ನಾನು ಹತ್ತಡಿ ದೂರದಲ್ಲಿದೀನಿ, ನನ್ನ ಕಡೆನೇ ನೋಡ್ದ, ಗುರುತು ಸಿಗಲಿಲ್ಲ ಅವನಿಗೆ. ಅವನ ಕಣ್ಣು ಅಷ್ಟು ಹೋಗಿದ್ಯಾ? ಬಸ್ ಓಡಿಸ್ತಾನೆ ಅಂತಿದ್ಯಲ್ಲೇ ಇನ್ನೂ. ನಾನು ಮಾತಾಡಿಸದೇ ತಲೆ ತಗ್ಗಿಸ್ಕೊಂಡು ವಾಪಸ್ ಬಂದೆ. ನನ್ನನ್ನ ನೋಡಿದ್ರೆ ನೀನು ನಾಚಿಕೆಗೆ ಸತ್ತೇ ಹೋಗ್ತಿದ್ದೆ ಅಂತ. ಹೇಳು ಈಗ. ನಿಮ್ಮನೇಲಿ ಯಾವುದಕ್ಕೂ ಕಮ್ಮಿ ಇಲ್ವಾ?”

ಅಲ್ವಾ ಎನ್ನಲಿಲ್ಲ ಅವರು. ಇಲ್ವಾ ಎಂದರು. ಎಂದು ಕಾದರು. ನಾನು ಬರುವವರನ್ನೆಲ್ಲ ಕಾಯುವಂತೆ ಕಾದರು. ನನಗೆ ಹತ್ತು ಉತ್ತರ ಹೊಳೆದವು: ಅದು ಮನೆ ರಿಪೇರಿಯಾಗುವ ತನಕ, ಅದು ಅವರ ಗೆಳೆಯನ ಜಾಗ, ಕಾವಲಿಗೆಂದು ಇದ್ದೇವೆ, ಕಣ್ಣಿಗೆ ಹೊಸ ಕನ್ನಡಕ ಬರುತ್ತಿದೆ, ಟೈರು ಅಲಂಕಾರಕ್ಕೆ. ಒಂದೊಂದೂ ನಾಲಿಗೆಯ ತುದಿಗೆ ಬಂದು ಎಡವಿತು. ಬೆಳಿಗ್ಗೆ ಶಟರ್ ಎತ್ತುವಾಗ ಬೀದಿಗೆಲ್ಲ ಕೇಳುವ ಆ ಸದ್ದು, ಅದು ಬೀದಿಯನ್ನು ಎಬ್ಬಿಸುವ ಮೊದಲೇ ಎದ್ದು ನಾನು ತಲೆ ಬಾಚಿ, ಬೇರೆಲ್ಲಿಂದಲೋ ನಡೆದು ಬಂದವಳಂತೆ ಮುಖ ಮಾಡಿಕೊಳ್ಳುವುದು, ಮನೆಯವರು ಗೋಡೆ ತಡಕುತ್ತ ‘ಟೀ ಲೋಟ ಇಲ್ಲೇ ಇತ್ತಲ್ಲಾ’ ಎನ್ನುವುದು. ಇವನ್ನೆಲ್ಲ ಕೇಳುವವರು ಯಾರೂ ಇರಲಿಲ್ಲ, ಯಾಕೆಂದರೆ ಕೇಳುವ ಕೆಲಸ ನನ್ನದಾಗಿತ್ತು.

“ಕಮ್ಮಿ ಇದೆ ದೊಡ್ಡಕ್ಕ,” ಅಂದೆ. “ಬಸ್ ಬಿಟ್ಟು ವರ್ಷದ ಮೇಲಾಯ್ತು. ಆಪರೇಷನ್ ಆದ್ಮೇಲೂ ಕಣ್ಣು ಬರ್ಲಿಲ್ಲ. ನಮ್ಮನೆ ಬಾಗಿಲು ಶಟರ್ರು. ಕಮ್ಮಿ ಇದೆ.”

ದೊಡ್ಡಕ್ಕ ನನ್ನ ಹೆಗಲ ಮೇಲೆ ಕೈಯೂರಿ ಮಷಿನ್ನಿನಿಂದ ಇಳಿದರು. ಕೈ ತೆಗೆಯಲಿಲ್ಲ. “ಮಹಡಿ ಮೇಲೆ ಅಂದೆನಲ್ಲ,” ಎಂದರು, ಎದುರಿನ ಗೋಡೆಗೆ ಹೇಳುವ ಹಾಗೆ. “ಮಹಡಿ ಅಲ್ಲ ಕಣೇ, ಟೆರೇಸಿನ ಮೇಲೆ ಒಂದು ತಗಡಿನ ರೂಮು. ಫ್ರಿಜ್ಜಿದೆ, ಸುಳ್ಳಲ್ಲ. ಆದ್ರೆ ಕೆಳಗಿನ ಮನೆಯವನು ಬೆಳಿಗ್ಗೆ ಕೆಲಸಕ್ಕೆ ಹೋಗ್ವಾಗ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕ್ಕೊಂಡು ಹೋಗ್ತಾನೆ. ಸಾಯಂಕಾಲ ಬಂದ್ಮೇಲೆ ಹಾಕ್ತಾನೆ. ರಾತ್ರಿಯೆಲ್ಲಾ ಗುಂಯ್ ಅಂತ ಓಡತ್ತೆ, ಹಗಲೆಲ್ಲಾ ಹೆಣದ ಪೆಟ್ಟಿಗೆ. ಆ ಸೀಸೆ ಮಧ್ಯಾಹ್ನ ಕೈಯಲ್ಲಿ ಹಿಡಿದ್ರೆ ಬಿಸಿ ಬಿಸಿ. ಕೇಳೋಕೆ ಹೋದ್ರೆ ಬೇರೆ ಮನೆ ನೋಡ್ಕೊಳಿ ಅಂತಾನೆ. ಎಲ್ಲಿ ನೋಡ್ಕೊಳ್ಲಿ?”

ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮನಿಗೆ ನಮ್ಮ ಪಿಸುಮಾತು ಕೇಳಿಸಿರಲಿಲ್ಲ, ಈ ಕೊನೆಯ ಮಾತು ಕೇಳಿಸಿತು, ಅಷ್ಟು ಸಾಕಾಯಿತು. ಬಂದವರೇ ಹೊಸ ಸೀಸೆಯನ್ನು ಜೇಬಿಗೆ ಹಾಕಿಕೊಂಡರು. ಹಳೆಯದನ್ನು ಇವತ್ತೇ ಎಸೆಯಬೇಕು, ಡೋಸು ಮೊದಲಿನ ಮಟ್ಟಕ್ಕಿಂತಲೂ ಕೆಳಗಿಂದ ಶುರು, ಔಷಧಿ ಇಲ್ಲೇ ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿರಲಿ, ಬೆಳಿಗ್ಗೆ ಸಂಜೆ ವ್ಯಾನು ಬಂದು ಕರೆತರುತ್ತದೆ, ಇವತ್ತು ಸಂಜೆಯಿಂದಲೇ. ಮೇನ್ ಸ್ವಿಚ್ಚಿನವನ ಹತ್ತಿರ ಮಾತನಾಡಲು ಒಬ್ಬರನ್ನು ಕಳಿಸುವುದು ಬೇರೆ. ದೊಡ್ಡಕ್ಕ ಪ್ರತಿಯೊಂದಕ್ಕೂ ‘ಹೂಂ’ ಎಂದರು. ನಾನು ಎದೆ ಉಬ್ಬಿಸಿಕೊಂಡು ನಿಂತೆ. ಒಂದು ಜೀವ ಉಳಿಸಿದೆನಲ್ಲ. ಮೂರು ಲೋಕದ ವೈದ್ಯರು ಸೇರಿ ಮಾಡಲಾಗದ್ದನ್ನು ಒಂದು ಕುರ್ಚಿಯ ಮೇಲೆ ಕೂತು ಮಾಡಿದೆನಲ್ಲ.

“ಏನ್ರೀ ಕೇಳಿದ್ರಿ ನೀವು?” ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ಕಣ್ಣಿನಲ್ಲಿ ನಿಜವಾದ ಮೆಚ್ಚುಗೆ ಇತ್ತು, ಇದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇಲ್ಲ. “ನಾನು ತಲೆ ಕೆಳಗೆ ಮಾಡಿ ಕೇಳಿದ್ರೂ ಬಾಯಿ ಬಿಡ್ಲಿಲ್ಲ ಇವರು. ಆ ಪ್ರಶ್ನೆ ಹೇಳಿ. ಮೇಲಕ್ಕೆ ಬರೀತೀನಿ. ಎಲ್ಲಾ ಕ್ಲಿನಿಕ್ಕಲ್ಲೂ ಅದನ್ನೇ ಕೇಳ್ಲಿ.”

ಎಲ್ಲಾ ಕ್ಲಿನಿಕ್ಕಲ್ಲೂ! ನನ್ನ ಬಾಯಿ ಆಗಲೇ ತೆರೆದಿತ್ತು. ಒಂದು ಪ್ರಶ್ನೆ ಅಲ್ಲ, ಇಡೀ ಶಾಸ್ತ್ರವೇ ಸಿದ್ಧವಾಗುತ್ತಿತ್ತು: ಮೊದಲು ಮೌನ, ಆಮೇಲೆ ಓರೆನೋಟ, ಆಮೇಲೆ ನನ್ನ ಸ್ವಂತ ಸಂಶೋಧನೆಯ ಒಂದು ಗುಟ್ಟಿನ ಮಾತು...

“ಹೇಳೇ,” ದೊಡ್ಡಕ್ಕ ಹೆಗಲ ಮೇಲಿನ ಕೈಯನ್ನು ಸ್ವಲ್ಪ ಒತ್ತಿದರು. “ಏನು ಕೇಳ್ದೆ ನೀನು, ನಾನೂ ಕೇಳಿಸ್ಕೋತೀನಿ.”

“ನಾನು ಕೇಳಿದ್ದಕ್ಕೆ ಇವರು ಏನೂ ಹೇಳ್ಲಿಲ್ಲ ಡಾಕ್ಟ್ರೇ,” ಅಂದೆ. “ಆಮೇಲೆ ಇವರು ಕೇಳಿದ್ರು. ನಾನು ಉತ್ತರ ಕೊಟ್ಟೆ. ಅಷ್ಟೇ.”

“ಏನು ಉತ್ತರ?”

ಪಡಸಾಲೆಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ನಾನು ತಲೆಯೆತ್ತಿ, ಹೆಸರು ಕೂಗುವ ನನ್ನ ಸಿಂಹದನಿಯಲ್ಲಿ, ಕೊನೆಯ ಬೆಂಚಿನ ಕಿವುಡರೂ ತಿರುಗಿ ನೋಡುವ ಹಾಗೆ ಅದನ್ನು ಹೇಳಿದೆ. ಇಲ್ಲ, ಸುಳ್ಳು. ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು. ಡಾಕ್ಟರಮ್ಮ “ಏನಂದ್ರಿ?” ಎಂದು ಬಗ್ಗಿದರು. ಕೊನೆಗೆ ದೊಡ್ಡಕ್ಕನೇ ನನ್ನ ಪರವಾಗಿ ಹೇಳಿದರು.

“ನಮ್ಮನೇಲಿ ಕಮ್ಮಿ ಇದೆ ಅಂತಿದಾಳೆ, ಡಾಕ್ಟ್ರೇ.”